ಜಲಜಾ ತೊಳೆದ ಕೋಟು

ಈ ಇಂಗ್ಲೆಂಡಿನವರು ಬಡವರ ಮೇಲೆ ತೆಗೆಯುವ ನಗೆಸಿನಿಮಾಗಳೆಂದರೆ ಜಲಜಾಳಿಗೆ ಆಗುವುದಿಲ್ಲ. ಗಿರಣಿ ಮುಚ್ಚಿರುತ್ತದೆ, ಗಂಡಸರಿಗೆ ಕೆಲಸವಿರುವುದಿಲ್ಲ, ಆದರೂ ಎಲ್ಲರೂ ಜೋಕು ಹೊಡೆಯುತ್ತಿರುತ್ತಾರೆ, ಕೊನೆಗೆ ಯಾರೋ ಎದ್ದು ಹಾಡುತ್ತಾರೆ. ನನಗೂ ಅವು ಸೇರುವುದಿಲ್ಲ. ಹೆಡಿಂಗ್ಲೀಯಂಥ ಉಳ್ಳವರ ಬಡಾವಣೆಯ ನಮ್ಮ ಕನ್ನಡದ ಡಾಕ್ಟರುಗಳು ಸೋಫಾದ ಮೇಲೆ ಕಾಲು ಚಾಚಿಕೊಂಡು, "ಎಷ್ಟು ರಿಯಲ್ ಆಗಿದೆ ಅಲ್ವಾ" ಎನ್ನುವುದನ್ನು ಕೇಳಿದರೆ ಮೈ ಉರಿಯುತ್ತದೆ.

ನಾನು ಹಡರ್ಸ್‌ಫೀಲ್ಡ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಜಲಜಾ ಅಲ್ಲಿಯೇ ಲಾಂಡ್ರಿಯಲ್ಲಿದ್ದಾಳೆ. ರಕ್ತ, ಕೀವು, ಅಯೋಡಿನ್, ಯಾವ ಕಲೆಯಾದರೂ ಅವಳಿಗೆ ಒಂದೇ. ಗಂಡ ಪಂಚಾಕ್ಷರಿ ಗದಗದ ಕಡೆಯವನು, ಬಸ್ಸು ಓಡಿಸುತ್ತಾನೆ. ಅವನಿಗೋ ಆ ಸಿನಿಮಾಗಳೇ ಪ್ರಾಣ. ಅವನ್ನು ನೋಡಿಯೇ ಇಲ್ಲಿನ ಇಂಗ್ಲಿಷ್ ಕಲಿತ. ರಜೆಯ ದಿನ ಅವನು ಟೀವಿ ಮುಂದೆ ಕೂತರೆ, ಅವಳು ಬಟ್ಟೆಯ ಬುಟ್ಟಿ ಹಿಡಿದು ಬೇಕೆಂದೇ ಅಡ್ಡ ಹಾಯುತ್ತಾಳೆ.

ಹೋದ ವರ್ಷ ಅಂಥದೇ ಒಂದು ಸಿನಿಮಾದವರು ಅವರ ಬೀದಿಗೇ ಬಂದರು. ಧರ್ಮಕ್ಕೆ ಊಟ ಹಾಕುವ ಕಡೆ ಸರದಿಯಲ್ಲಿ ನಿಲ್ಲಲು ಮುಖಗಳು ಬೇಕಿದ್ದವು. ಪಂಚಾಕ್ಷರಿಯನ್ನು ಆರಿಸಿದ್ದಷ್ಟೇ ಅಲ್ಲ, ಹೇಳಲು ಒಂದು ಮಾತನ್ನೂ ಕೊಟ್ಟರು. ಬಟ್ಟಲು ಮುಂದೆ ಚಾಚಿ, ಸೂಪಿಗೆ ಉಪ್ಪು ಸಾಲದು ಎಂದು ಗತ್ತಿನಿಂದ ಹೇಳಬೇಕು. ಅವನು ಸ್ನಾನ ಮಾಡುವಾಗಲೂ ಅದನ್ನೇ ಹೇಳಿಕೊಳ್ಳತೊಡಗಿದ. ಅಷ್ಟು ವರ್ಷ ನೋಡಿದ ಪರದೆಯೊಳಗೆ ತಾನೂ ಒಮ್ಮೆ ಬಾಯಿ ಬಿಡಬೇಕೆಂಬುದು ಅವನ ಆಸೆ.

"ಧರ್ಮದ ಊಟಕ್ಕ ನಿಂತಾವ ಉಪ್ಪು ಕೇಳ್ತಾನಂತ, ಅದಕ್ಕ ಜನ ನಗಬೇಕಂತ, ನೋಡ್ರಿ ಅಕ್ಕಾ," ಎಂದು ಜಲಜಾ ಕ್ಯಾಂಟೀನಿನಲ್ಲಿ ನನ್ನೆದುರು ಸಿಡುಕಿದಳು. "ನಮ್ಮವ್ವ ರೇಷನ್ ಅಂಗಡಿಗೆ ಹೋಗಬೇಕಾದ್ರ ತೊಳದ ಸೀರಿನ ಉಡ್ತಿದ್ಲು. ಹೊಟ್ಟಿಗೆ ಇಲ್ಲದ್ದು ಮಂದಿಗೆ ಯಾಕ ಗೊತ್ತಾಗಬೇಕು?"

ಶನಿವಾರ ಅರ್ಧ ಚಿತ್ರೀಕರಣವಾಯಿತು, ಉಳಿದದ್ದು ಸೋಮವಾರಕ್ಕೆ. ಉಡುಪನ್ನು ಅಲ್ಲೇ ಬಿಟ್ಟುಬರಬೇಕೆಂಬ ನಿಯಮವಿತ್ತು. ಆದರೆ ಹೆಂಡತಿಗೆ ತೋರಿಸುವ ಹುಚ್ಚಿನಲ್ಲಿ ಈ ಮಹಾರಾಯ ಸಿನಿಮಾದ ಕೋಟನ್ನು ಹಾಕಿಕೊಂಡೇ ಮನೆಗೆ ಬಂದ. ಕೊರಳಪಟ್ಟಿಯಲ್ಲಿ ಜಿಡ್ಡು, ಎದೆಯ ಮೇಲೆ ಕೆಸರು, ಮೊಣಕೈಯಲ್ಲಿ ದೊಡ್ಡ ಹರಕು.

ಜಲಜಾಳ ಮನೆಯಿಂದ ಪರರ ವಸ್ತು ತೊಳೆಯದೆ ಹಿಂದಕ್ಕೆ ಹೋಗುವುದಿಲ್ಲ. ನನ್ನ ಊಟದ ಡಬ್ಬಿಯೂ ಅಷ್ಟೇ, ನಾನು ಕೊಟ್ಟಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿ ಮರಳುತ್ತದೆ. ಭಾನುವಾರ ಅವನು ಬಸ್ಸಿನ ಕೆಲಸಕ್ಕೆ ಹೋದಾಗ ಕೋಟನ್ನು ನೆನೆಹಾಕಿದಳು, ಉಜ್ಜಿದಳು, ಹರಕನ್ನು ಒತ್ತಾಗಿ ಹೊಲಿದು ಇಸ್ತ್ರಿ ಮಾಡಿದಳು. ಸೋಮವಾರ ಬೆಳಿಗ್ಗೆ ಬೇರೆ ದಾರಿಯಿಲ್ಲದೆ ಪಂಚಾಕ್ಷರಿ ಅದನ್ನೇ ತೊಟ್ಟು ಚಿತ್ರೀಕರಣಕ್ಕೆ ಹೋದ.

ಉಡುಪಿನ ಮೇಲ್ವಿಚಾರಣೆಯ ಹುಡುಗಿ ಕೋಟು ಹಿಡಿದುಕೊಂಡು ಬೀದಿಯಲ್ಲೇ ಅತ್ತಳಂತೆ. ಆ ಕೊಳೆಯನ್ನು ಅವಳು ಮರಳುಕಾಗದದಿಂದ ತಿಕ್ಕಿ, ಬಣ್ಣ ಬಳಿದು ದಿನಗಟ್ಟಲೆ ಕೂತು ಮಾಡಿದ್ದಳು. ಕೊಳೆ ಮಾಡುವುದಕ್ಕೂ ಸಂಬಳ ಕೊಡುತ್ತಾರೆಂದು ಜಲಜಾಳಿಗೆ ಗೊತ್ತಾದದ್ದು ಆಗಲೇ. ನಿರ್ದೇಶಕ ಬಂದು ಪಂಚಾಕ್ಷರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವನೀಗ ಬಡವನ ಹಾಗೆ ಕಾಣುತ್ತಿಲ್ಲ, ಶನಿವಾರ ತೆಗೆದದ್ದಕ್ಕೂ ಹೊಂದುವುದಿಲ್ಲ, ಬೇರೆಯವರನ್ನು ಹಾಕಿ ಮೊದಲಿಂದ ತೆಗೆಯೋಣ ಎಂದ.

"ನಾ ಮಣ್ಣಾಗ ಉರುಳ್ತೀನ್ರಿ," ಎಂದು ಪಂಚಾಕ್ಷರಿ ಅಂಗಲಾಚಿದ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಹೇಳಿದಂತೆ ಮಣ್ಣಿನಲ್ಲಿ ಮೊಣಕಾಲೂರಿಯೂ ಬಿಟ್ಟ. ಸಿನಿಮಾದವರು ನಕ್ಕರು. ಜಲಜಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಅಂದಿನಿಂದ ಆ ಮನೆಯಲ್ಲಿ ಮಾತು ನಿಂತಿತು. ಸಿನಿಮಾದಲ್ಲಿನ ತನ್ನ ಮಾತನ್ನು ಕಿತ್ತುಕೊಂಡಳೆಂದು ಅವನಿಗೆ ಸಿಟ್ಟು. ಅವರ ಮುಂದೆ ಮೊಣಕಾಲೂರಿದನೆಂದು ಅವಳಿಗೆ ಸಿಟ್ಟು, ಅವನದಕ್ಕಿಂತ ಹೆಚ್ಚು. ತಟ್ಟೆ ಕುಕ್ಕಿ ಬಡಿಸುತ್ತಿದ್ದಳು, ಅವನು ತಲೆ ಎತ್ತದೆ ಉಣ್ಣುತ್ತಿದ್ದ. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಆ ಸಿನಿಮಾದವರ ಮೇಲಿನ ನನ್ನ ಸಿಟ್ಟೇ ಇಳಿದಿರಲಿಲ್ಲ.

ಸಿನಿಮಾ ಬಿಡುಗಡೆಯಾದಾಗ ಇಬ್ಬರನ್ನೂ ನಾನೇ ಎಳೆದುಕೊಂಡು ಹೋದೆ. ಅವನು ನನ್ನ ಬಲಕ್ಕೆ ಕೂತ, ಅವಳು ಎಡಕ್ಕೆ. ಸರದಿಯ ದೃಶ್ಯ ಬಂತು. ಯಾರೋ ತೆಳ್ಳಗಿನವನು ಅದೇ ಕೋಟು ತೊಟ್ಟು ಬಟ್ಟಲು ಚಾಚಿದ. ಕೆಸರು ಮತ್ತೆ ಬಳಿದಿದ್ದರು, ಜಿಡ್ಡೂ ಬಂದಿತ್ತು. ಆದರೆ ಮೊಣಕೈ ಪರದೆಯ ತುಂಬ ಕಂಡಿತು, ಅಲ್ಲಿ ಜಲಜಾಳ ಹೊಲಿಗೆ ಹಾಗೇ ಇತ್ತು. ಅದನ್ನು ಬಿಚ್ಚಲು ಅವರಿಗೆ ಆಗಿರಲಿಲ್ಲ. ಆ ತೆಳ್ಳಗಿನವನು ಉಪ್ಪಿನ ಮಾತು ಹೇಳಿದ, ಸಭೆ ಗೊಳ್ಳೆಂದಿತು.

ಪಂಚಾಕ್ಷರಿ ನಗಲಿಲ್ಲ. ನನ್ನನ್ನು ದಾಟಿ ಬಾಗಿ, ತಿಂಗಳುಗಳ ನಂತರ ಹೆಂಡತಿಯೊಡನೆ ಮಾತಾಡಿದ.

"ಅವ ಉಪ್ಪು ಕೇಳಿದ್ದು ಬರೋಬ್ಬರಿ ಇಲ್ಲ."

"ನೀವು ಹೆಂಗ ಕೇಳ್ತಿದ್ರಿ?" ಎಂದಳು ಜಲಜಾ, ಪರದೆಯಿಂದ ಕಣ್ಣು ತೆಗೆಯದೆ.

ಅವನು ತಲೆ ತಗ್ಗಿಸಿ, ತನ್ನ ಖಾಲಿ ಕೈಯನ್ನು ಸ್ವಲ್ಪವೇ ಮುಂದೆ ಮಾಡಿ, ನಮ್ಮಿಬ್ಬರಿಗಷ್ಟೇ ಕೇಳುವಷ್ಟು ಮೆಲ್ಲಗೆ, "ಯವ್ವಾ, ಒಂಚೂರು ಉಪ್ಪು ಇದ್ರ ಹಾಕ್ರಿ," ಎಂದ.

ಜಲಜಾ ಈಗ ಅವನ ಕಡೆ ತಿರುಗಿದಳು.

"ಹಂಗ ಅಂದಿದ್ರ ಯಾರೂ ನಗ್ತಿರಲಿಲ್ಲ," ಎಂದಳು. "ಮೊದಲನೇ ದಿನಾನ ಮನಿಗೆ ಕಳಸ್ತಿದ್ರು ನಿಮ್ಮನ್ನ."