ಹರಳೆಣ್ಣೆ ಕುಡಿದ ಬೋಟು

ನಂಜನಗೂಡಿನ ನಮ್ಮ ಬೀದಿಯಲ್ಲಿ ಮಿಕ್ಸಿ ಕೆಟ್ಟರೂ, ಮೋಪೆಡ್ ಕೆಟ್ಟರೂ ಮೊದಲು ನನ್ನ ಅಭಿಪ್ರಾಯ ಕೇಳುತ್ತಾರೆ. ಮೂವತ್ತು ವರ್ಷ ಐಟಿಐ ಹುಡುಗರಿಗೆ ಫಿಟ್ಟರ್ ಪಾಠ ಹೇಳಿದ ಮೇಷ್ಟ್ರು ನಾನು. ಪಾಠ ಹೇಳಿದೆ ಎಂದರೆ ಬೋರ್ಡಿನ ಮೇಲೆ ಬರೆದೆ. ಸ್ಪ್ಯಾನರ್ ಹಿಡಿದವರು ಹುಡುಗರು. ಈ ವ್ಯತ್ಯಾಸ ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು. ಅವಳ ತಮ್ಮನಿಗೆ ಗೊತ್ತಿರಲಿಲ್ಲ.

ಆ ಭಾವಮೈದ ಟಿ. ನರಸೀಪುರದ ಸಂಗಮದಲ್ಲಿ ಬೋಟು ನಡೆಸುತ್ತಾನೆ. ಕಬಿನಿ ಹಿನ್ನೀರಿನ ಕಡೆಯ ಯಾರೋ ಬೇಡವೆಂದು ಮಾರಿದ ಹಳೆಯ ಮೋಟಾರು ಅದರ ಹಿಂಬದಿಯಲ್ಲಿ ನೇತಾಡುತ್ತದೆ. ದಡ ಹತ್ತಿರವಾದಾಗ ಗುಂಡಿ ಒತ್ತಿದರೆ ಆ ಮೋಟಾರು ತಾನಾಗಿ ಮೇಲೇಳಬೇಕು, ಇಲ್ಲವಾದರೆ ಕೆಳಗಿನ ಫ್ಯಾನು ಕಲ್ಲಿಗೆ ಬಡಿದು ಮುರಿಯುತ್ತದೆ. ಈ ಎತ್ತಿ ಇಳಿಸುವ ವ್ಯವಸ್ಥೆಗೆ ಪವರ್ ಟ್ರಿಮ್ ಎಂದು ದೊಡ್ಡ ಹೆಸರು. ಒಳಗಿರುವುದು ಒಂದು ಪಂಪು, ಒಂದು ಎಣ್ಣೆ ಡಬ್ಬಿ, ಲಾರಿಯ ಜಾಕಿನಂಥ ಒಂದು ದಂಡ, ಅಷ್ಟೇ.

ಅದು ಕೆಟ್ಟು ಒಂದೂವರೆ ವರ್ಷವಾಗಿತ್ತು. ಅಷ್ಟೂ ದಿನ ಇವನು ಪ್ರತಿ ಸಲ ದಡಕ್ಕೆ ಬಂದಾಗಲೂ ಮೋಟಾರನ್ನು ಕೈಯಲ್ಲೇ ಎತ್ತಿದ್ದ. ಬಲಭುಜದೊಳಗೆ ಏನೋ ಹರಿಯಿತು. ಮೈಸೂರಿನ ಡಾಕ್ಟರು, ಇನ್ನೊಮ್ಮೆ ಭಾರ ಎತ್ತಿದರೆ ಆ ಕೈಯ ಆಸೆ ಬಿಡು ಎಂದರು. ಹುಲ್ಲಹಳ್ಳಿಯವನೊಬ್ಬ ಬೋಟು ಕೊಳ್ಳುತ್ತೇನೆಂದು ಆಗಲೇ ಎರಡು ಸಲ ಬಂದು ಅದರ ಬೆನ್ನು ತಟ್ಟಿ ನೋಡಿ ಹೋಗಿದ್ದ. ಮೋಟಾರು ತಾನಾಗಿ ಎದ್ದರೆ ಬೋಟು ಇವನದು, ಏಳದಿದ್ದರೆ ಹುಲ್ಲಹಳ್ಳಿಯವನದು. ಬೇರೆ ಕೆಲಸ ಇವನಿಗೆ ಬರುವುದಿಲ್ಲ.

"ಬಾವ, ಮಂಗ್ಳೂರಿಂದ ಒಸಾ ಪಂಪಿನ್ ಸೆಟ್ಟು ತರ್ಸಿವ್ನಿ. ನೀವು ಬಂದು ಕೂರ್‌ಸ್ಕೊಡಿ" ಎಂದು ಫೋನು ಮಾಡಿದ.

"ಅದೇನ್ ಮಹಾ ಕೆಲ್ಸ ಕಣ್ಲಾ, ಊಟದೊತ್ತಿಗೆ ಮುಗುಸ್ತೀನಿ" ಎಂದೆ. ಬೋಟಿನ ಮೋಟಾರನ್ನು ನಾನು ಅದುವರೆಗೆ ಬಿಚ್ಚಿ ನೋಡಿದ್ದೇ ಇಲ್ಲ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ನನ್ನನ್ನೊಮ್ಮೆ ನೋಡಿ, ರಾತ್ರಿ ಊಟವನ್ನೂ ಅಲ್ಲೇ ಮುಗಿಸಿ ಬರುವಂತೆ ಹೇಳಿದಳು.

ಬೆಳಗಿನ ಬಸ್ಸಿಗೆ ಹೋದೆ. ಬೋಟನ್ನು ದಡಕ್ಕೆ ಎಳೆದು ಇಟ್ಟಿದ್ದರು. ನಾನು ನೇರವಾಗಿ ದಂಡದ ಪಿನ್ನಿಗೆ ಕೈ ಹಾಕಿದೆ. ಪಿನ್ನು ಬಿಚ್ಚುವ ಮುಂಚೆ ಮೇಲಿನ ಭಾರಕ್ಕೆ ಕೆಳಗಿನಿಂದ ಊರೆ ಕೊಡಬೇಕು ಎಂಬುದನ್ನು ಬೋರ್ಡಿನ ಮೇಲೆ ನೂರು ಸಲ ಬರೆದವನು ನಾನೇ. ಹುಣಸೆ ದಿಮ್ಮಿ ತಂದು ಸದ್ದಿಲ್ಲದೆ ಊರೆ ಕೊಟ್ಟವನು ಭಾವಮೈದ, ಅದೂ ಎಡಗೈಯಲ್ಲಿ. "ನಾನೂ ಅದನ್ನೇ ಯೋಳೋನಿದ್ದೆ" ಎಂದೆ.

ಪಿನ್ನು ತುಕ್ಕು ಹಿಡಿದು ಕೂತಿತ್ತು. ಬಡಿದೆ, ಬೈದೆ, ಸೀಮೆಎಣ್ಣೆ ಸುರಿದೆ. ಊಟದ ಹೊತ್ತು ಬಂತು, ನನ್ನ ಕೆಲಸ ಬಿಟ್ಟು ಉಳಿದೆಲ್ಲ ಮುಗಿಯಿತು. ಭಾವಮೈದನ ಹೆಂಡತಿ ಮುದ್ದೆ, ಬಸ್ಸಾರು ಬಡಿಸಿ, "ಅಣ್ಣಾರು ಎಷ್ಟ್ ಕಷ್ಟ ಪಡ್ತಾವ್ರೆ" ಎಂದಳು. ಅದರಲ್ಲಿ ಕುಹಕವಿರಲಿಲ್ಲ. ನಿಜವಾದ ಗೌರವವಿತ್ತು, ಹಾಗಾಗಿ ಎರಡನೇ ಮುದ್ದೆ ಬೇಡವೆಂದು ಎದ್ದೆ.

ಮಧ್ಯಾಹ್ನ ಮೂರಕ್ಕೆ ಹಳೆಯ ಸೆಟ್ಟು ಕಳಚಿ ಬಂತು. ಎಣ್ಣೆ ಡಬ್ಬಿಯ ಮುಚ್ಚಳ ತೆಗೆದೆ. ಒಳಗಿದ್ದದ್ದು ಎಣ್ಣೆಯಲ್ಲ, ಹಲಸಿನ ಮೇಣದಂಥ ಅಂಟು. ಮೂಗಿಗೆ ಹಿಡಿದರೆ ಚಿಕ್ಕಂದಿನಲ್ಲಿ ಹೊಟ್ಟೆ ತೊಳೆಯಲು ಮೂಗು ಹಿಡಿದು ಕುಡಿಸುತ್ತಿದ್ದ ವಾಸನೆ. ಹರಳೆಣ್ಣೆ! ಅದು ಗಟ್ಟಿಯಾಗಿ, ಪಂಪು ಸಿಕ್ಕಿಕೊಂಡು, ಅದರೊಳಗಿನ ವೈಂಡಿಂಗ್ ತಂತಿ ಸುಟ್ಟಿತ್ತು. ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. "ಯಾವ ಮುಠ್ಠಾಳ ಕಣ್ಲಾ ಇದುಕ್ಕೆ ಅಳ್ಳೆಣ್ಣೆ ಉಯ್ದೋನು? ಇಂಥೋರ್ನ ಕಟ್ಟಾಕಿ ಒಡೀಬೇಕು!"

ಭಾವಮೈದ ನೆಲ ನೋಡಿದ. "ಓಗ್ಲಿ ಬುಡಿ ಬಾವ."

"ಯಾವನು ಅಂತ ಯೋಳ್ಲಾ!"

"ನೀವೇ ಬಾವ. ಆಯುಧಪೂಜೆ ದಿಸ."

ನೆನಪಾಯಿತು. ಎರಡು ವರ್ಷದ ಹಿಂದಿನ ಹಬ್ಬ. ಅವರ ಮನೆಯಲ್ಲಿ ಆಯುಧಗಳಿಗೆ ಎಣ್ಣೆ ಮುಟ್ಟಿಸುವ ಮರ್ಯಾದೆ ಮನೆಯ ಅಳಿಯನದು. ಕುಡುಗೋಲಿಗೆ, ಗುದ್ದಲಿಗೆ, ಹೊಲಿಗೆ ಮಿಷನ್ನಿಗೆ ಎಲ್ಲ ಮುಟ್ಟಿಸಿ, ಒಬ್ಬಟ್ಟಿನ ಅಮಲಿನಲ್ಲಿ ಬೋಟಿನ ಹತ್ತಿರ ಬಂದಿದ್ದೆ. ಡಬ್ಬಿಯಲ್ಲಿ ಎಣ್ಣೆ ಕಮ್ಮಿಯಿತ್ತು. ಗಾಡಿಯ ಕೀಲಿಗೆ ನಮ್ಮಪ್ಪ ಜೀವಮಾನವೆಲ್ಲ ಹರಳೆಣ್ಣೆಯನ್ನೇ ಹಾಕಿದ್ದು, ಒಂದು ಚಕ್ರವೂ ಕೆಟ್ಟಿಲ್ಲ ಎಂದು ಹತ್ತು ಜನರ ಮುಂದೆ ಭಾಷಣ ಮಾಡಿ, ಕೈಯಲ್ಲಿದ್ದ ಗಿಂಡಿಯನ್ನು ಪೂರ್ತಿ ಬಗ್ಗಿಸಿದ್ದೆ. ಎಲ್ಲರೂ ತಲೆದೂಗಿದ್ದರು.

"ಇದುಕ್ಕೆ ಬೇರೆ ಎಣ್ಣೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಮಾರ್ದೋರು ಒಂದ್ ಬಾಟ್ಲಿ ಕೊಟ್ಟಿದ್ರು. ಅವತ್ತು ನನ್ ಜೇಬಲ್ಲೇ ಇತ್ತು."

"ಮತ್ಯಾಕ್ಲಾ ಬಾಯಿ ಬುಡ್ಲಿಲ್ಲ?"

"ಅಬ್ಬದ ದಿಸ, ಅಷ್ಟ್ ಜನದ್ ಮುಂದೆ, ಮನೆ ಅಳಿಯಂದ್ರ ಕೈ ಇಡ್ಕೊಂಡು ಬ್ಯಾಡಿ ಅನ್ನಕ್ಕಾಯ್ತದಾ ಬಾವ? ಆಮ್ಯಾಕೆ ತೆಗ್ಯಾಣ ಅನ್ಕಂಡೆ. ಕೆಟ್ ಮ್ಯಾಕೆ ಬ್ಯಾರೆಯೋರ್ ಕೈಲಿ ಬಿಚ್ಚುಸುದ್ರೆ ಊರ್ಗೆಲ್ಲ ಗೊತ್ತಾಗಿ ಅಕ್ಕುಂಗೆ ಬೇಜಾರಾಯ್ತದೆ ಅಂತ ಸುಮ್ನಾದೆ."

ನನಗೆ ನಾಚಿಕೆಯಾಯಿತು. ಅದಕ್ಕೆ ಬೇರೆ ಚಂದದ ಮಾತಿಲ್ಲ. ಒಂದೂವರೆ ವರ್ಷ ಅವನು ಆ ಮೋಟಾರನ್ನು ಎತ್ತಿದ್ದು ನನ್ನ ಮರ್ಯಾದೆ ಕೆಳಗೆ ಬೀಳಬಾರದೆಂದು.

ಇಬ್ಬರೂ ಸೇರಿ ಹೊಸ ಸೆಟ್ಟನ್ನು ಕೂರಿಸಿದೆವು. ಎರಡೇ ಎರಡು ವೈರು, ಅದನ್ನೂ ತಿರುಗಾಮುರುಗಾ ಕೊಟ್ಟೆ, ಅವನು ಬದಲಾಯಿಸಿದ. ಎಣ್ಣೆ ತುಂಬುವ ಸಮಯ ಬಂದಾಗ ಅವನು ಕೈ ತೊಳೆದುಕೊಂಡು ಬಂದು, ಎರಡೂ ಕೈಯಲ್ಲಿ ಸರಿಯಾದ ಎಣ್ಣೆಯ ಬಾಟಲಿ ಹಿಡಿದು ನನ್ನ ಮುಂದೆ ಚಾಚಿದ. "ನೀವೇ ಉಯ್ರಿ ಬಾವ."

"ನೀನೇ ಉಯ್ಯಪ್ಪ."

ಹುಯ್ದ. "ಇಷ್ಟ್ ಸಾಕಾ?"

"ನಂಗೆ ಗೊತ್ತಿಲ್ಲ ಕಣಪ್ಪ" ಎಂದೆ. ಅವನು ಗಾಬರಿಯಿಂದ ನನ್ನ ಮುಖ ನೋಡಿದ, ನನಗೆ ಹುಷಾರಿಲ್ಲವೇನೋ ಎಂಬಂತೆ. ಆಮೇಲೆ ತಾನೇ ಬಗ್ಗಿ ಮಟ್ಟ ನೋಡಿ, ಇನ್ನಷ್ಟು ಹಾಕಿ, ಮುಚ್ಚಳ ತಿರುಗಿಸಿದ.

ಗುಂಡಿ ಒತ್ತಿದ. ಪಂಪು ಒಮ್ಮೆ ಗೊರಗುಟ್ಟಿತು, ಗಾಳಿ ಉಗುಳಿತು. ಇಳಿಸಿ, ಎತ್ತಿ, ಮತ್ತೆ ಇಳಿಸಿದ. ನಾಲ್ಕನೆಯ ಸಲಕ್ಕೆ ಮೋಟಾರು ನಿಧಾನವಾಗಿ ಪೂರ್ತಿ ಮೇಲೆದ್ದು ನಿಂತಿತು.

"ಎದ್ತು ಬಾವ! ಬೋಟು ಮಾರಲ್ಲ ಅಂತ ಯೋಳ್ಬುಡ್ತೀನಿ ಆ ಉಲ್ಲಳ್ಳಿಯವ್ನಿಗೆ!" ಎಂದು ಕೂಗಿ, ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿಯನ್ನು ಕರೆಯಲು ಬಲಗೈ ಎತ್ತಿದ. ಅದು ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ನಾನು ನೋಡಿದೆನೇ ಎಂದು ಒಮ್ಮೆ ನನ್ನ ಕಡೆ ತಿರುಗಿದ. ಆಮೇಲೆ ಆ ಕೈಯನ್ನು ಮೆಲ್ಲಗೆ ಇಳಿಸಿ, ಎಡಗೈ ಬೀಸಿದ.