ಸುಗಲಮ್ಮನ ಓಟು ಮಿಯಾಪುರಕ್ಕೆ ಬಂದದ್ದು

ಸುಗಲಮ್ಮ ಸುರಪುರದ ಕಡೆಯಿಂದ ಹೈದರಾಬಾದಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಮೊದಲು ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತಳು. ಈಗ ಅಂಥದೇ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುತ್ತಾಳೆ. ತೆಲುಗಿನಲ್ಲಿ ಜಗಳವಾಡಬಲ್ಲಳು, ಹಿಂದಿಯಲ್ಲಿ ಚೌಕಾಸಿ ಮಾಡಬಲ್ಲಳು. ಓಟು ಮಾತ್ರ ಊರಲ್ಲೇ ಉಳಿದಿತ್ತು. ಚುನಾವಣೆ ಬಂದರೆ ಗಂಡ ಮೌನಪ್ಪನ ಜೊತೆ ಬಸ್ಸು ಹತ್ತಿ ಹೋಗಿ, ಓಟು ಹಾಕಿ, ತವರಿನಲ್ಲಿ ಉಂಡು ಬರುವುದು ರೂಢಿ.

ಅವರ ಓಣಿಯ ಮೋರಿಗೆ ಮುಚ್ಚಳವಿರಲಿಲ್ಲ. ಒಂದು ಮುಂಜಾನೆ ನೆರೆಮನೆಯ ಅಂಬುಬಾಯಿ ಹಾಲಿನ ಪಾಕೀಟಿನ ಸಮೇತ ಅದರೊಳಗೆ ಬಿದ್ದಳು. ಸುಗಲಮ್ಮ ಆಕೆಯನ್ನು ಎತ್ತಿ, ಕಾಲು ತೊಳೆದು, ಅದೇ ಸಿಟ್ಟಿನಲ್ಲಿ ಕಾರ್ಪೊರೇಟರ್ ಆಫೀಸಿಗೆ ನಡೆದಳು. ಅಲ್ಲಿ ಕುಳಿತಿದ್ದವನು ಎಲ್ಲ ಕೇಳಿಸಿಕೊಂಡು, ನಿಮ್ಮ ಓಣಿಯಲ್ಲಿ ಓಟು ಎಷ್ಟಿವೆ ಎಂದು ವಿಚಾರಿಸಿದ. ಒಂದೂ ಇಲ್ಲ ಎಂದಾಗ ನಕ್ಕು, ಚಹಾ ಕುಡಿಸಿ ಕಳಿಸಿದ. ಚಹಾ ಚೆನ್ನಾಗಿತ್ತು. ಆ ನಗು ಮಾತ್ರ ಅವಳಿಗೆ ಇಳಿಯಲಿಲ್ಲ.

ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಬೀದರಿನ ಆನಂದಕುಮಾರ ಎಂಬ ಬ್ಯಾಂಕಿನ ನೌಕರನಿದ್ದ. ಮರುದಿನ ಅವನನ್ನೇ ಕೇಳಿದಳು. ಎಲ್ಲಿ ವಾಸವೋ ಅಲ್ಲೇ ಓಟು, ಎರಡು ಕಡೆ ಹೆಸರು ಇರಬಾರದು, ಪಾಲಿಕೆ ಚುನಾವಣೆ ಸಾರುವ ಮೊದಲೇ ಪಟ್ಟಿಯಲ್ಲಿ ಸೇರಬೇಕು ಎಂದು ಅವನು ತಿಳಿಸಿದ. ವಿಳಾಸಕ್ಕೆ ಪುರಾವೆಯೆಂದು ಅವಳ ಹೆಸರಿನ ಗ್ಯಾಸ್ ಪುಸ್ತಕದ ಫೋಟೊ ತೆಗೆದು, ಫೋನಿನಲ್ಲೇ ಅರ್ಜಿ ತುಂಬಿದ.

ಮೌನಪ್ಪನಿಗೆ ಇದು ಸೇರಲಿಲ್ಲ.

"ಊರಾಗ ಹೆಸರು ತಗದ್ರ ನಮ್ಮನ್ನ ಸತ್ತವ್ರ ಲೆಕ್ಕಕ್ಕ ಹಾಕ್ತಾರ ನೋಡು," ಎಂದ.

"ಇಲ್ಲಿ ಹುಟ್ಟೇ ಇಲ್ಲ ಅನ್ನೋ ಲೆಕ್ಕದಾಗ ಅದೀವಿ. ಅದಕ್ಕೇನಂತಿ?" ಎಂದಳು ಸುಗಲಮ್ಮ. ಅವನು ಇನ್ನೊಂದು ರೊಟ್ಟಿ ಮುರಿದ.

ಎರಡು ವಾರ ಕಳೆದ ಮೇಲೆ ಆನಂದಕುಮಾರ ಫೋನು ನೋಡಿ ಹುಬ್ಬು ಗಂಟಿಕ್ಕಿದ. ಅರ್ಜಿದಾರರು ಆ ವಿಳಾಸದಲ್ಲಿ ಇಲ್ಲ ಎಂದು ವರದಿಯಾಗಿತ್ತು, ವಿಚಾರಣೆಗೆ ಬರಬೇಕಿತ್ತು. ಸುಗಲಮ್ಮ ಓಣಿಯಲ್ಲಿ ಕೇಳುತ್ತಾ ಹೋದಾಗ ಸಂಗತಿ ಹೊರಬಿತ್ತು. ಅವಳು ಕೆಲಸಕ್ಕೆ ಹೋಗಿದ್ದಾಗ ಕೈಯಲ್ಲಿ ಕಾಗದ ಹಿಡಿದ ಹೆಂಗಸೊಬ್ಬಳು ಬಂದಿದ್ದಳು. ಸಾಲ ವಸೂಲಿಯವಳೆಂದುಕೊಂಡ ಅಂಬುಬಾಯಿ, ಗೆಳತಿಯನ್ನು ಕಾಪಾಡುವವಳಂತೆ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಹೇಳಿ ಕಳಿಸಿಬಿಟ್ಟಿದ್ದಳು.

ಸುಗಲಮ್ಮ ಅಂಬುಬಾಯಿಯ ಕೈ ಹಿಡಿದು ನೇರ ಅಂಗನವಾಡಿಗೆ ಕರೆದುಕೊಂಡು ಹೋದಳು. ಕಾಗದ ಹಿಡಿದು ಬಂದಿದ್ದವಳು ಅಲ್ಲಿನ ಶಿಕ್ಷಕಿ ವಾಸಂತಿ, ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸವೂ ಆಕೆಯದೇ. ಆಕೆಯ ತವರು ಕರ್ನಾಟಕದ ಗಡಿಯ ನಾರಾಯಣಪೇಟೆಯ ಕಡೆ, ಕನ್ನಡ ತಿಳಿಯುತ್ತಿತ್ತು.

"ಕಾಗದ ಹಿಡಕೊಂಡು ಬಂದವ್ರಿಗೆ ನಾವು ಯಾವಾಗ್ಲೂ ಹಂಗ ಹೇಳ್ತೀವ್ರಿ ಟೀಚರ್," ಎಂದಳು ಅಂಬುಬಾಯಿ, ತಲೆ ತಗ್ಗಿಸಿ. "ಈಕಿ ಇಲ್ಲೇ ಇರ್ತಾಳ. ಮೊನ್ನಿ ನಮ್ಮ ಮನ್ಯಾಗಿಂದ ಉಪ್ಪಿನಕಾಯಿ ಸುದ್ದಾ ಒಯ್ದಾಳ."

ವಾಸಂತಿಗೆ ನಗು ತಡೆಯಲಾಗಲಿಲ್ಲ. ಮಕ್ಕಳೂ ಏನೆಂದು ತಿಳಿಯದೆಯೇ ನಕ್ಕವು. ಆಕೆ ಗ್ಯಾಸ್ ಪುಸ್ತಕ ಪರಿಶೀಲಿಸಿ ವರದಿ ತಿದ್ದಿದಳು. ಆಮೇಲೆ ಅಂಬುಬಾಯಿಯತ್ತ ತಿರುಗಿ, ನಿಮ್ಮ ಓಟು ಎಲ್ಲಿದೆ ಎಂದು ಕೇಳಿದಳು. ಅದು ಎಲ್ಲಿಯೂ ಇರಲಿಲ್ಲ. ಮುಂದಿನ ಭಾನುವಾರ ವಾಸಂತಿ ಓಣಿಗೇ ಬಂದಳು. ಸುಗಲಮ್ಮ ಮನೆಮನೆಯ ಬಾಗಿಲು ಬಡಿದು, ಈ ಕಾಗದಕ್ಕೆ ಹೆದರಬೇಡಿ ಎಂದು ಸಾರಿದಳು. ಮೂವತ್ತೇಳು ಅರ್ಜಿಗಳಾದವು. ಕೊನೆಯದು ಮೌನಪ್ಪನದು. ಸಾಲಿನಲ್ಲಿ ನಿಂತವರಿಗೆ ನೀರು ಕೊಡಲು ಬಂದವನು ತಾನೂ ನಿಂತುಬಿಟ್ಟಿದ್ದ.

ಚುನಾವಣೆಯ ದಿನ ಸರ್ಕಾರಿ ಶಾಲೆಯ ಮತಗಟ್ಟೆ ಬಾಗಿಲು ತೆರೆಯುವ ಮೊದಲೇ ಆ ಓಣಿಯ ಹೆಂಗಸರು ಇಸ್ತ್ರಿ ಸೀರೆ ಉಟ್ಟು ನಿಂತಿದ್ದರು. ಅಪಾರ್ಟ್‌ಮೆಂಟಿನವರು ಇನ್ನೂ ಎದ್ದಿರಲಿಲ್ಲ. ಒಳಗೆ ಮತಯಂತ್ರದ ಬದಲು ಉದ್ದನೆಯ ಮತಪತ್ರ ಕೊಟ್ಟರು. ಸುಗಲಮ್ಮ ಚಿಹ್ನೆಯ ಮೇಲೆ ಮುದ್ರೆ ಒತ್ತಿ, ಮಡಚಿದಾಗ ಶಾಯಿ ಬೇರೆ ಚಿಹ್ನೆಗೂ ಅಂಟಿ ಓಟು ಕೆಟ್ಟೀತೆಂದು ಊದಿ ಊದಿ ಆರಿಸಿ, ಉದ್ದಕ್ಕೆ ಮಡಚಿದಳು. ಅಷ್ಟು ಹೊತ್ತು ಏನು ಮಾಡುತ್ತಿದ್ದೀರಿ ಎಂದು ಅಧಿಕಾರಿ ಕೇಳಿದರೂ ಅವಸರ ಮಾಡಲಿಲ್ಲ.

ಅವಳು ಓಟು ಹಾಕಿದವರು ಸೋತರು. ಸುಗಲಮ್ಮ ಅರ್ಧ ದಿನ ಸಪ್ಪಗಿದ್ದಳು, ಅಷ್ಟೇ. ವಾರದೊಳಗೆ ಗೆದ್ದವರು ಆ ಓಣಿಯ ಓಟುಗಳೆಲ್ಲ ಇದ್ದ ಮತದಾರರ ಪಟ್ಟಿ ಹಿಡಿದು ಓಣಿಗೆ ಬಂದು, ಮೋರಿಯನ್ನು ಕಣ್ಣಾರೆ ನೋಡಿದರು. ತಾನು ಬಿದ್ದ ಜಾಗವನ್ನು ಅಂಬುಬಾಯಿ ಎರಡೆರಡು ಸಲ ತೋರಿಸಿದಳು. ಮಳೆಗಾಲಕ್ಕೆ ಮುಂಚೆ ಚಪ್ಪಡಿಗಳು ಬಂದವು.

ಈಗ ಸುಗಲಮ್ಮ ಬೀದಿದೀಪಕ್ಕೆ ಅರ್ಜಿ ಬರೆಸುತ್ತಿದ್ದಾಳೆ. ಈ ಸಲ ಹೆಬ್ಬೆಟ್ಟು ಒತ್ತುವುದಿಲ್ಲವಂತೆ. ವಾಸಂತಿಯ ಅಂಗನವಾಡಿಯಲ್ಲಿ, ಸಣ್ಣ ಕುರ್ಚಿಯೊಂದರಲ್ಲಿ ಕುಳಿತು ಸಹಿ ಕಲಿಯುತ್ತಿದ್ದಾಳೆ. 'ಸು' ಚೆನ್ನಾಗಿ ಬರುತ್ತದೆ.