ಆಯಾ ಶಿವಬಸಮ್ಮನೂ ಶಾಲೆಯ ಲೈಟ್ ಬಿಲ್ಲೂ

ಶಿವಬಸಮ್ಮ ಜಯನಗರದ ಆ ಖಾಸಗಿ ಮಿಡ್ಲ್ ಸ್ಕೂಲಿಗೆ ಆಯಾ ಆಗಿ ಸೇರಿದ್ದು ೧೯೫೭ರಲ್ಲಿ. ಗುಬ್ಬಿ ಕಡೆಯವಳು. ಗಂಡ ಸಿದ್ದಲಿಂಗಯ್ಯ ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ. ಇವಳು ಬೆಳಿಗ್ಗೆ ಬಂದು ಎಂಟು ಕೋಣೆ ಗುಡಿಸಿ, ಹಂಡೆಗೆ ನೀರು ತುಂಬಿ, ಗಂಟೆ ಹೊಡೆದು, ಒಂದನೇ ಕ್ಲಾಸಿನ ಮಕ್ಕಳ ಮೂಗು ಒರೆಸುವಳು. ಅವಳ ಮುಖ ನೋಡಿದರೆ ಹೇಳುತ್ತಿರುವುದು ನಿಜವೋ ತಮಾಷೆಯೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ವರ್ಷ ವಾರ್ಷಿಕೋತ್ಸವದ ಅತಿಥಿಯ ಭಾಷಣ ಒಂದೂವರೆ ಗಂಟೆ ದಾಟಿದಾಗ ಹೋಗಿ ಲಾಂಗ್ ಬೆಲ್ ಹೊಡೆದುಬಿಟ್ಟಿದ್ದಳು. ಮಕ್ಕಳೆಲ್ಲ ಹೋ ಎಂದು ಎದ್ದು ಓಡಿದರು. "ಅಭ್ಯಾಸ ಸಾರ್, ಕೈ ತಾನೇ ಹೋಯ್ತು" ಅಂದಳು. ಹೆಡ್‌ಮಾಸ್ಟರ್ ಗಂಗಾಧರಯ್ಯನವರು ಗದರಲೂ ಆಗದೆ ನಗಲೂ ಆಗದೆ ಕನ್ನಡಕ ಒರೆಸಿಕೊಂಡರು.

ಗಂಗಾಧರಯ್ಯನವರು ಒಳ್ಳೆಯ ಮನುಷ್ಯ. ಆದರೆ ಸರ್ಕಾರದ ಕಾಗದ ಬಂದರೆ ಎದ್ದು ನಿಂತೇ ಓದುವರು. ಅರವತ್ತೈದರ ಯುದ್ಧದ ದಿನಗಳಲ್ಲಿ ಅವರಿಗೊಂದು ಸುತ್ತೋಲೆ ಬಂತು: ರಾತ್ರಿ ದೀಪ ಉರಿಸುವ ಕಟ್ಟಡಗಳು ಬೆಳಕು ಹೊರಗೆ ಕಾಣದಂತೆ ನೋಡಿಕೊಳ್ಳಬೇಕು. ಶಾಲೆ ನಾಲ್ಕೂವರೆಗೇ ಮುಚ್ಚುತ್ತಿತ್ತು. ರಾತ್ರಿ ಅಲ್ಲಿ ಬೆಂಕಿಕಡ್ಡಿ ಗೀರುವವರೂ ಇರಲಿಲ್ಲ. ಆದರೂ ಹೆಡ್‌ಮಾಸ್ಟರು ಮೈದಾ ಅಂಟು ಮಾಡಿಸಿ, ಎಂಟು ಕೋಣೆಯ ಕಿಟಕಿ ಗಾಜಿಗೂ ಒಳಗಡೆಯಿಂದ ದಪ್ಪ ಕಂದು ಕಾಗದ ಅಂಟಿಸಿದರು. ಅಂಟು ಕಾಯಿಸಿದವಳು ಶಿವಬಸಮ್ಮನೇ.

ಯುದ್ಧ ನಿಂತಿತು. ಕಾಗದ ನಿಂತೇ ಇತ್ತು. ತೆಗೆಯಿರಿ ಎಂದು ಆರ್ಡರ್ ಬಂದಿರಲಿಲ್ಲವಲ್ಲ! ಕಿಟಕಿ ತೆರೆದಿಟ್ಟರೆ ರಸ್ತೆಯ ಕೆಂಧೂಳು ಮಕ್ಕಳ ಪುಸ್ತಕದ ಮೇಲೆ ಕೂರುತ್ತಿತ್ತು, ಮುಚ್ಚಿದರೆ ಗವಿ. ಹೀಗಾಗಿ ನಡುಹಗಲಲ್ಲೂ ಪ್ರತಿ ಕೋಣೆಯಲ್ಲೂ ಎರಡೆರಡು ಬಲ್ಬು ಉರಿಯತೊಡಗಿದವು. ಹೊಲಿಗೆ ಟೀಚರ್ ಚೂಡಾಮಣಿ ಬಲ್ಬಿನ ನೇರಕ್ಕೆ ಕುರ್ಚಿ ಎಳೆದುಕೊಂಡು ಕೂತರೂ ವಾರಕ್ಕೆರಡು ಸಲ ಬೆರಳು ಚುಚ್ಚಿಕೊಳ್ಳುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಶಾಲೆಯ ಕಮಿಟಿಯವರು ಲೈಟ್ ಬಿಲ್ಲು ನೋಡಿ ಬೆಚ್ಚಿದರು. ಹಿಂದಿನ ವರ್ಷದ ಮೂರು ಪಟ್ಟು! ಎಲ್ಲಾದರೂ ಖರ್ಚು ಕಡಿಮೆ ಮಾಡಬೇಕು ಎಂದು ತೀರ್ಮಾನವಾಯಿತು. ಆ 'ಎಲ್ಲಾದರೂ' ಸುತ್ತಿ ಸುತ್ತಿ ಬಂದು ಶಿವಬಸಮ್ಮನ ತಲೆಯ ಮೇಲೆ ಕೂತಿತು.

ಗಂಗಾಧರಯ್ಯನವರು ಅವಳನ್ನು ಕರೆದು, ಮೇಜಿನ ಮೇಲಿನ ಮಸಿಕುಡಿಕೆಯನ್ನೇ ನೋಡುತ್ತ ಹೇಳಿದರು: "ಏಪ್ರಿಲ್‌ಗೆ ನಿನ್ನ ಕೆಲಸ ನಿಲ್ಲಿಸ್ಬೇಕು ಅಂತಾರಮ್ಮ. ಕರೆಂಟೋ ಆಯಾನೋ, ಎರಡರಲ್ಲಿ ಒಂದು ಅಂತಾರೆ."

"ಆ ಕಾಗದ ಕಿತ್ತಾಕಿದ್ರೆ ಕರೆಂಟೇ ಬೇಡ್ವಲ್ಲ ಸಾರ್? ಹೊರಗೆ ಬಿಸಿಲು ಬಿಟ್ಟಿ ಬೀಳ್ತಾ ಐತೆ."

"ಆರ್ಡರ್ ಇಲ್ದೆ ಹೆಂಗಮ್ಮ ಕೀಳೋದು? ಬರೆದು ಕೇಳಿದ್ದೆ. ಉತ್ತರ ಬಂದಿದೆ ನೋಡು." ಅವರು ಒಂದು ಹಾಳೆ ಎತ್ತಿ ಓದಿದರು: ಕಾಗದ ಅಂಟಿಸಲು ನಿಮ್ಮ ಶಾಲೆಗೆ ಈ ಕಚೇರಿ ಹೇಳಿಯೇ ಇರಲಿಲ್ಲ. ಆದ್ದರಿಂದ ತೆಗೆಯಲು ಹೇಳುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.

"ಹಂಗಂದ್ರೆ ತೆಗೀಬೋದು ಅಂತಲೇ ಅಲ್ವಾ ಸಾರ್?"

"ಹಂಗೂ ಬರೆದಿಲ್ವಲ್ಲ" ಎಂದು ಹೆಡ್‌ಮಾಸ್ಟರು ನಿಟ್ಟುಸಿರು ಬಿಟ್ಟರು.

ಅಂದು ಅವಳು ಮನೆಗೆ ಹೋಗಿ ಉಣ್ಣಲಿಲ್ಲ. ಒಂಬತ್ತು ವರ್ಷ ಗುಡಿಸಿದ ಕೋಣೆಗಳು. ಅತ್ತು ಮುಗಿಸಿದ ಮೇಲೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಮಂಗಬುದ್ಧಿ ಎದ್ದಿತು.

ಎರಡು ದಿನ ಬಿಟ್ಟು ಅವಳು ಶಾಲೆಯ ಹಿಂದೆ ಪೊರಕೆ ಹಿಡಿದು ನಿಂತಿದ್ದಾಗ, ಪಕ್ಕದ ಯಡಿಯೂರಿನಲ್ಲಿ ಆಡು ಸಾಕಿದ್ದ ನಾರಾಯಣಮ್ಮನ ಆಡೊಂದು ಬೇಲಿ ನುಗ್ಗಿ ಬಂತು. ಕಿಟಕಿಯ ಬಾಗಿಲು ಹೊರಕ್ಕೆ ತೆರೆದು ಗೋಡೆಗೆ ಒರಗಿತ್ತು. ಕಾಗದ ಅಂಟಿಸಿದ್ದ ಗಾಜಿನ ಒಳಮೈ ಈಗ ಹೊರಗೆ. ಆಡು ಕಾಗದದ ಮೂಲೆ ಕಚ್ಚಿ ಪರ್ ಎಂದು ಎಳೆದು ಮೈದಾ ಸಮೇತ ಅಗಿಯತೊಡಗಿತು. ಓಡಿಸಲು ಎತ್ತಿದ್ದ ಪೊರಕೆಯನ್ನು ಶಿವಬಸಮ್ಮ ಮೆಲ್ಲಗೆ ಇಳಿಸಿದಳು. ಅದು ತಿಂದು ಮುಗಿಸುವವರೆಗೂ ನೋಡುತ್ತ ನಿಂತಳು.

ಸಂಜೆ ಯಡಿಯೂರಿಗೆ ಹೋದಳು. "ನಾರಾಯಣಕ್ಕ, ನಿಮ್ಮ ಆಡು ಎಷ್ಟವೆ?"

"ಹನ್ನೆರಡು. ಯಾಕೆ, ಏನಾದ್ರೂ ಮೇಯ್ದವಾ?" ನಾರಾಯಣಮ್ಮನಿಗೆ ದಿಗಿಲು.

"ಇನ್ನೂ ಇಲ್ಲ. ಶನಿವಾರ ಮಧ್ಯಾಹ್ನ ಹೊಡ್ಕೊಂಡು ಬನ್ನಿ. ಊಟಕ್ಕೆ ಕರೀತಾ ಇವ್ನಿ."

ಶನಿವಾರ ಹನ್ನೊಂದೂವರೆಗೆ ಶಾಲೆ ಬಿಟ್ಟಿತು. ಎಲ್ಲರೂ ಹೋದ ಮೇಲೆ ಶಿವಬಸಮ್ಮ ಕಿಟಕಿಗಳನ್ನೆಲ್ಲ ಪೂರಾ ತೆರೆದು, ಗಂಜಿಗೆ ಉಪ್ಪು ಕಲಸಿ ಕಾಗದಕ್ಕೆಲ್ಲ ಬಳಿದಳು. ಮೇಲಿನ ಗಾಜು ಆಡಿಗೆ ಎಟಕುವುದಿಲ್ಲ. ಅದಕ್ಕೆ ಬೆಂಚುಗಳನ್ನು ಹೊರಗೆ ತಂದು ಕಿಟಕಿಗಳ ಕೆಳಗೆ ಸಾಲಾಗಿ ಇಟ್ಟಳು. ಯಾರಾದರೂ ಕೇಳಿದರೆ ತಿಗಣೆ ಹೋಗಲೆಂದು ಬಿಸಿಲಿಗೆ ಹಾಕಿದ್ದೇನೆ ಎನ್ನಬಹುದು. ತಿಗಣೆ ಇದ್ದದ್ದು ಸುಳ್ಳೇನೂ ಅಲ್ಲ.

ಹನ್ನೆರಡು ಆಡುಗಳೂ ಮದುವೆ ಮನೆಗೆ ಬಂದ ನೆಂಟರ ಹಾಗೆ ನುಗ್ಗಿದವು. ಬೆಂಚು ಹತ್ತಿ, ಮುಂಗಾಲು ಎತ್ತಿ, ಗಡ್ಡ ಅಲ್ಲಾಡಿಸುತ್ತ ಕಾಗದ ಎಳೆದವು. ಐದು ಕೋಣೆ ಮುಗಿದು ಆರನೆಯದು ನಡೆಯುತ್ತಿದ್ದಾಗ ಗೇಟು ಕಿರುಗುಟ್ಟಿತು. ಗಂಗಾಧರಯ್ಯನವರು! ಕೊಡೆ ಮರೆತು ಹೋಗಿದ್ದರಂತೆ.

"ಶಿವಬಸಮ್ಮಾ! ಏನಿದು? ಓಡ್ಸು ಅವನ್ನ!"

"ಓಡಿಸ್ತಾನೇ ಇವ್ನಿ ಸಾರ್" ಎಂದು ಅವಳು ಪೊರಕೆ ಬೀಸುತ್ತ "ಹೈ! ಹೈ!" ಎಂದು ಕೂಗಿದಳು. ಆಡುಗಳು ಆರನೇ ಕೋಣೆ ಮುಗಿಸಿ ಏಳನೆಯದರ ಬೆಂಚು ಹತ್ತಿದವು. ಅವಳು ಮತ್ತೂ ಜೋರಾಗಿ ಕೂಗಿದಳು. ಅವು ಇನ್ನೂ ಗಟ್ಟಿಯಾಗಿ ಬೆಂಚಿಗೆ ಕಾಲೂರಿದವು. ನಾರಾಯಣಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹುಣಸೆಮರದ ಹಿಂದೆ ನಿಂತಳು.

ಗಂಗಾಧರಯ್ಯನವರು ಕೊಡೆ ತರಲು ಒಳಗೆ ಹೋದವರು ಹೊರಗೆ ಬರಲಿಲ್ಲ. ಶಿವಬಸಮ್ಮ ಹೆದರುತ್ತಲೇ ಇಣುಕಿದಳು. ಅವರು ಮೂರನೇ ಕ್ಲಾಸಿನ ನಡುವೆ ನಿಂತಿದ್ದರು. ಮುಚ್ಚಿದ ಗಾಜಿನಿಂದ ಬಿಸಿಲು ಬಂದು ನೆಲದ ಮೇಲೆ, ಕರಿಹಲಗೆಯ ಮೇಲೆ, ಅವರ ಕಚ್ಚೆಪಂಚೆಯ ಮೇಲೆ ಬಿದ್ದಿತ್ತು. ಮುಚ್ಚಿದರೂ ಬೆಳಕು ಬರುತ್ತದೆಯೇ ಎಂದು ಅವರೇ ಕಿಟಕಿ ಮುಚ್ಚಿ ನೋಡುತ್ತಿದ್ದರು. ಗೋಡೆಯ ಮೇಲೆ ಮಕ್ಕಳು ಸೀಮೆಸುಣ್ಣದಲ್ಲಿ ಬರೆದಿದ್ದ ಅವರದೇ ಚಿತ್ರ, ದೊಡ್ಡ ಮೂಗಿನದು, ಆರು ತಿಂಗಳಿಂದ ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ನಾವಾಗಿ ಕಿತ್ತರೆ ತಪ್ಪು" ಎಂದರು ನಿಧಾನವಾಗಿ. "ಆಡು ತಿಂದರೆ... ಅದಕ್ಕೆ ಯಾವ ರೂಲೂ ಇಲ್ಲ. ಎಷ್ಟು ಆಡು?"

"ಹನ್ನೆರಡು ಸಾರ್."

"ರಿಪೋರ್ಟಿಗೆ ಬೇಕಾಗುತ್ತೆ." ಜೇಬಿನಿಂದ ಪೆನ್ಸಿಲು ತೆಗೆದು ಬರೆದುಕೊಂಡರು. ಗೇಟಿನವರೆಗೆ ಹೋದವರು ತಿರುಗಿ ನೋಡಿದರು. "ಎಂಟನೇ ರೂಮಿನ ಮೇಲಿನ ಗಾಜಲ್ಲಿ ಇನ್ನೂ ಒಂದಿಷ್ಟು ಉಳಿದಿದೆ, ನೋಡು. ಬೆಂಚು ಸ್ವಲ್ಪ ಎಡಕ್ಕೆ ಎಳಿ."

ಸೋಮವಾರ ಚೂಡಾಮಣಿ ಟೀಚರು ಬಲ್ಬು ಹಾಕದೆ ಸೂಜಿಗೆ ದಾರ ಪೋಣಿಸಿದರು. ಶಿವಬಸಮ್ಮ ಅಷ್ಟಕ್ಕೇ ನಿಲ್ಲಲಿಲ್ಲ. ಕಮಿಟಿಯವರೊಬ್ಬರ ಮನೆಯಲ್ಲಿ ಮಿಕ್ಕಿದ್ದ ಸುಣ್ಣ ಕೇಳಿ ತಂದು ಗೋಡೆಗಳಿಗೆ ಬಳಿದಳು. ಕೋಣೆಗಳು ಇನ್ನಷ್ಟು ಬೆಳಗಿದವು. ಯಾರಾದರೂ ಹಗಲಲ್ಲಿ ಲೈಟು ಹಾಕಿದರೆ, ಪಾಠದ ನಡುವೆಯೇ ನುಗ್ಗಿ ಸ್ವಿಚ್ಚು ಆರಿಸಿ, "ಸೂರ್ಯ ಬಂದವ್ನೆ ಟೀಚರ್, ಹಾಜರಿ ಹಾಕ್ಕೊಳ್ಳಿ" ಎಂದು ಹೋಗುತ್ತಿದ್ದಳು. ಏಪ್ರಿಲ್ ಹೊತ್ತಿಗೆ ಬಿಲ್ಲು ಯುದ್ಧಕ್ಕೆ ಮೊದಲಿದ್ದದ್ದಕ್ಕಿಂತಲೂ ಕೆಳಗೆ ಇಳಿದಿತ್ತು. ಅವಳ ಕೆಲಸದ ಮಾತನ್ನು ಕಮಿಟಿಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಅರವತ್ತೆಂಟರಲ್ಲಿ ಶಾಲೆಗೆ ಎರಡು ಹೊಸ ಕೋಣೆ ಕಟ್ಟಿಸಿದರು. ಮೇಸ್ತ್ರಿ ಬೈರಣ್ಣ ಕಿಟಕಿಗೆ ಗುರುತು ಹಾಕಿದ್ದನ್ನು ನೋಡಿ ಶಿವಬಸಮ್ಮ, "ಇದೇನಣ್ಣ, ಪಾರಿವಾಳದ ಗೂಡಾ?" ಎಂದು ಕೇಳಿ, ಎರಡೂ ಕಡೆ ಒಂದೊಂದು ಮೊಳ ಹೆಚ್ಚಿಸುವ ತನಕ ಅಲ್ಲಿಂದ ಕದಲಲಿಲ್ಲ. ಆ ಕೋಣೆಗಳಿಗೆ ಹಗಲು ಬಲ್ಬೇ ಬೇಕಾಗಲಿಲ್ಲ. ಕೊನೆಯ ಬೆಂಚಿನ ಹುಡುಗಿಯರು ಮಾತ್ರ ಬೆಳಕಿನಲ್ಲಿ ನಿದ್ದೆ ಬರುವುದಿಲ್ಲವೆಂದು ಅವಳ ಮೇಲೆ ಮುನಿಸಿಕೊಂಡಿದ್ದರು.